ಮೊರೇರ ಗುಡ್ಡದಿಂದ ವಿಠ್ಠಲನ ಗುಡಿಗೆ

ಮೊದಲ ದಿನ: ಕೊಪ್ಪಳ

ಗವಿಮಠಕ್ಕೆ ದಿನವೂ ಬರುವ ಭಕ್ತರಿಗೆ ಲೆಕ್ಕವಿಲ್ಲ. ಆದರೆ ಅಲ್ಲೇ ಪಕ್ಕದ ಬಂಡೆ ಹತ್ತಿ ಅಶೋಕನ ಶಾಸನ ನೋಡುವವರು ತೀರಾ ಕಡಿಮೆ. ನಾವು ಹೋದ ಬೆಳಿಗ್ಗೆ ಅಲ್ಲಿ ನಾನು, ತಂಗಿ ಬಿಟ್ಟರೆ ಇನ್ಯಾರೂ ಇರಲಿಲ್ಲ. ಶ್ರಾವಣದ ಮೋಡ ಕವಿದಿತ್ತು. ಮಳೆ ಇನ್ನೂ ಶುರುವಾಗಿರಲಿಲ್ಲ. ಕಲ್ಲು ಒದ್ದೆಯಾಗುವ ಮೊದಲೇ ಹತ್ತಿ ಇಳಿಯಬೇಕೆಂದು ರಾತ್ರಿ ಬಸ್ಸಿನಿಂದ ಇಳಿದವರೇ ಮುಖ ತೊಳೆದು ಹೊರಟಿದ್ದೆವು.

ಮೇಲೆ ಚಾಚಿಕೊಂಡ ಬಂಡೆಯ ನೆರಳಲ್ಲಿ ಬ್ರಾಹ್ಮಿ ಲಿಪಿಯ ಸಾಲುಗಳಿವೆ. 2,200 ವರ್ಷಕ್ಕಿಂತಲೂ ಹಳೆಯವು. ಭಾಷೆ ಪ್ರಾಕೃತ. ಹತ್ತಿರ ಬಗ್ಗಿ ನೋಡಿದರೆ ಉಳಿಯ ಏಟು ಬಿದ್ದ ಜಾಗ ಇನ್ನೂ ಗೊತ್ತಾಗುತ್ತದೆ. ದೊಡ್ಡವರಿಗಷ್ಟೇ ಅಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಸದ್ಗತಿ ಸಿಗುತ್ತದೆ ಎಂಬುದು ಆ ಶಾಸನದ ತಿರುಳು. ಸಮಾಜ ವಿಜ್ಞಾನದ ಟೀಚರಾಗಿ ಮಕ್ಕಳಿಗೆ ನಾನು ರಾಯಚೂರು ಜಿಲ್ಲೆಯ ಮಸ್ಕಿಯ ಕಥೆ ಹೇಳುತ್ತಲೇ ಬಂದಿದ್ದೇನೆ: 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಆ ಶಾಸನದಲ್ಲಿ ‘ಅಶೋಕ’ ಎಂಬ ಹೆಸರೇ ಇತ್ತು, ಬೇರೆ ಶಾಸನಗಳಲ್ಲಿ ಬರುವ ‘ದೇವಾನಾಂಪ್ರಿಯ’ ಎಂಬ ರಾಜ ಯಾರೆಂಬುದು ಅಲ್ಲಿಗೆ ಇತ್ಯರ್ಥವಾಯಿತು, ಎಂದು. ಕೊಪ್ಪಳದ ಎರಡು ಶಾಸನಗಳು ಬೆಳಕಿಗೆ ಬಂದದ್ದು 1931ರಲ್ಲಿ. ಒಂದು ಇದು, ಇನ್ನೊಂದು ಪಾಲ್ಕಿಗುಂಡಿನದು.

ಪಾಲ್ಕಿಗುಂಡಿನ ಏರು ಕಡಿದು. ತುದಿಯಲ್ಲಿ ಎದ್ದು ನಿಂತ ಬಂಡೆಗಳ ತಲೆಯ ಮೇಲೆ ಒಂದು ಚಪ್ಪಟೆ ಬಂಡೆ ಕೂತಿದೆ, ದೂರಕ್ಕೆ ಪಲ್ಲಕ್ಕಿಯಂತೆಯೇ ಕಾಣುತ್ತದೆ. ಅಲ್ಲಿನ ಶಾಸನ ಬಹಳ ಸವೆದಿದೆ, ಅಕ್ಷರಗಳನ್ನು ಹುಡುಕಿ ನೋಡಬೇಕು. ದಾರಿಯ ಬಂಡೆಗಳ ಮೇಲಿನ ಬರಹವನ್ನು ಮಾತ್ರ ಹುಡುಕಬೇಕಿಲ್ಲ. ಆಯಿಲ್ ಪೇಂಟಿನಲ್ಲಿ ಬರೆದ ಹೆಸರುಗಳು, ಬಾಣ ಚುಚ್ಚಿದ ಹೃದಯಗಳು, ಯಾವುದೋ ಬ್ಯಾಚಿನ ವರ್ಷ. ತಂಗಿ ಸಿವಿಲ್ ಎಂಜಿನಿಯರು. ‘ಅಕ್ಕಾ, ಬಣ್ಣ ಕಲ್ಲಿನ ರಂಧ್ರಕ್ಕೆ ಇಳಿದಿರುತ್ತೆ. ತೆಗೀಬೇಕು ಅಂದ್ರೆ ಮೇಲ್ಪದರವೂ ಅದರ ಜೊತೆಗೇ ಬರುತ್ತೆ’ ಎಂದಳು.

ಇಳಿದು ಬಂದಾಗ ಹಸಿವು ತಾರಕಕ್ಕೇರಿತ್ತು. ಬಸ್ ನಿಲ್ದಾಣದ ಹತ್ತಿರದ ಪುಟ್ಟ ಹೋಟೆಲಿನಲ್ಲಿ ಒಗ್ಗರಣಿ ಮಿರ್ಚಿ. ನೆನೆಸಿ ಹಿಂಡಿದ ಮಂಡಕ್ಕಿಗೆ ಹುಣಸೆಹುಳಿ, ಹುರಿಗಡಲೆ ಪುಡಿ, ಈರುಳ್ಳಿ; ಪಕ್ಕದಲ್ಲಿ ಬಾಣಲೆಯಿಂದ ಆಗಷ್ಟೇ ಎದ್ದ ಉದ್ದುದ್ದ ಮೆಣಸಿನಕಾಯಿ ಬಜ್ಜಿ. ಈ ಸೀಮೆಗೆ ಬಂದು ಬೆಳಿಗ್ಗೆ ಇಡ್ಲಿ ಕೇಳಬಾರದು, ಇದನ್ನೇ ತಿನ್ನಬೇಕು. ಎದುರಿಗೆ ಚಹಾ ಕುಡಿಯುತ್ತಿದ್ದ ಅಜ್ಜ ವಿಚಾರಿಸಿದರು.

‘ಯಾವೂರಾತ್ರಿ? ಏನ್ ನೋಡಾಕ ಬಂದೀರಿ?’

‘ಶಿವಮೊಗ್ಗ ಅಜ್ಜಾರ. ಅಶೋಕನ ಶಾಸನ ನೋಡಿ ಬಂದ್ವಿ.’

‘ಛಲೋ ಮಾಡಿದ್ರಿ. ನಾವು ಹುಡುಗ್ರಿದ್ದಾಗ ಅದನ್ನ ಓದಿದಾವ್ಗ ನಿಧಿ ಸಿಗ್ತೈತಿ ಅಂತಿದ್ರು. ಈಗೂ ಅನ್ನೂ ಮಂದಿ ಅದಾರ.’

ಅಜ್ಜ ನಕ್ಕರು. ನನಗೆ ಮಾತ್ರ ಆ ಮಾತು ಮನಸ್ಸಿನಲ್ಲಿ ಉಳಿಯಿತು. ನಮ್ಮ ನಾಡಿನಲ್ಲಿ ಶಾಸನ, ವೀರಗಲ್ಲು, ಹಾಳು ಗುಡಿಯ ಗರ್ಭಗುಡಿ ಎಲ್ಲದಕ್ಕೂ ಗುದ್ದಲಿ ಬಿದ್ದಿರುವುದು ಹೆಚ್ಚಾಗಿ ಇದೊಂದು ನಂಬಿಕೆಯಿಂದ. ಓದಲಾಗದ ಅಕ್ಷರ ಕಂಡರೆ ಅದರ ಕೆಳಗೆ ಹೊನ್ನಿದೆ ಎಂಬ ನಂಬಿಕೆ.

ಎರಡನೇ ದಿನ: ಹಿರೇಬೆಣಕಲ್

ಗಂಗಾವತಿ ರಸ್ತೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರೆ ನಿದ್ದೆ ಬರುವುದಿಲ್ಲ. ಒಂದು ಬದಿಗೆ ಭತ್ತದ ಗದ್ದೆ, ನಾಟಿಯ ಹೆಂಗಸರು, ಅಕ್ಕಿ ಗಿರಣಿಗಳ ಚಿಮಣಿ. ಇನ್ನೊಂದು ಬದಿಗೆ ಯಾರೋ ಪೇರಿಸಿಟ್ಟು ಮರೆತುಹೋದಂಥ ಬಂಡೆಗುಡ್ಡಗಳು. ಹಿರೇಬೆಣಕಲ್ ಊರಿನಲ್ಲಿ ಇಳಿದು, ದಾರಿ ತೋರಿಸಲು ಒಬ್ಬ ಹುಡುಗನನ್ನು ಜೊತೆಗೆ ಕರೆದುಕೊಂಡೆವು. ಡಿಗ್ರಿ ಓದುತ್ತಾನೆ, ರಜೆಯಲ್ಲಿ ಬಂದವರಿಗೆ ಗುಡ್ಡ ತೋರಿಸುತ್ತಾನೆ. ಮೇಲೆ ಹೋಗುವವರು ಯಾರೇ ಆಗಲಿ ಊರಿನವರೊಬ್ಬರು ಜೊತೆಗಿಲ್ಲದೆ ಹೋಗಬಾರದು. ಕಾಲುದಾರಿ ಬಂಡೆಗಳ ನಡುವೆ ಕವಲೊಡೆಯುತ್ತಲೇ ಇರುತ್ತದೆ. ಈ ಕಡೆ ಕರಡಿ, ಚಿರತೆಗಳ ಓಡಾಟವೂ ಉಂಟು. ಕುಡಿಯುವ ನೀರು, ತಿನ್ನಲು ಏನಾದರೂ ಕೆಳಗಿನಿಂದಲೇ ಹೊತ್ತೊಯ್ಯಬೇಕು. ಹೊತ್ತಿಳಿಯುವ ಮೊದಲೇ ಊರಿಗೆ ಮರಳಿರಬೇಕು.

ಅರ್ಧ ದಾರಿಯಲ್ಲಿ ಮಳೆ ಹನಿಯಿತು. ಬಂಡೆ ಜಾರತೊಡಗಿತು. ತಂಗಿಯ ಬಲಗಾಲಿನ ಶೂ ಅಟ್ಟೆ ಬಾಯಿ ಬಿಟ್ಟಿತು. ಹುಡುಗ ತನ್ನ ಚೀಲದಿಂದ ಸುತಳಿ ತೆಗೆದು ಶೂಗೆ ಬಿಗಿದು ಕಟ್ಟಿದ. ‘ಅಕ್ಕಾರ, ಇದು ನೀವು ಶಿವಮೊಗ್ಗ ಮುಟ್ಟೂತನಕ ಬಿಚ್ಚೂದಿಲ್ಲ’ ಎಂದ. ದಾರಿ ಪಕ್ಕದ ಕಲ್ಲಾಸರೆಯಲ್ಲಿ ಕೆಮ್ಮಣ್ಣು ಬಣ್ಣದ ಚಿತ್ರಗಳನ್ನು ತೋರಿಸಿದ: ಪ್ರಾಣಿಗಳು, ಕೈ ಕೈ ಹಿಡಿದು ನಿಂತ ಮನುಷ್ಯರು. ಅಲ್ಲಿ ಮಳೆ ನಿಲ್ಲುವವರೆಗೆ ಕೂತು ಶೇಂಗಾ ಚಿಕ್ಕಿ ತಿಂದೆವು.

ಮತ್ತೆ ಹತ್ತಿ ಬಂಡೆಯ ಅಂಚು ದಾಟಿದ್ದೇ ತಡ, ಊರೊಂದು ಎದುರಾಯಿತು.

ಊರೆಂದೇ ಬರೆಯುತ್ತೇನೆ. ಸ್ಥಳೀಯರು ಇವುಗಳನ್ನು ಕರೆಯುವುದೂ ‘ಮೊರೇರ ಮನೆ’ ಎಂದೇ. ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಹೊದಿಸಿದ ಕಲ್ಲಿನ ಕೋಣೆಗಳು, ಸಾಲು ಸಾಲಾಗಿ. ಕೆಲವು ಮಂಡಿಯೆತ್ತರ, ಕೆಲವು ನನಗಿಂತ ಎತ್ತರ. ಹಲವಕ್ಕೆ ಒಂದು ಬದಿಯ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಹಿಂದೆ ಇಲ್ಲಿ ಮೊರೇರು ಎಂಬ ಕುಳ್ಳ ಜನ ಬಾಳುತ್ತಿದ್ದರು, ಅವರ ಮನೆಗಳಿವು ಎಂದು ಜನ ಹೇಳುತ್ತಾರೆ. ವಿದ್ವಾಂಸರ ಪ್ರಕಾರ ಇವು ಬೃಹತ್ ಶಿಲಾಯುಗದ ಜನ ಸತ್ತವರ ನೆನಪಿಗೆ ಕಟ್ಟಿದವು. ಕ್ರಿಸ್ತಪೂರ್ವ 800ರಿಂದ 200ರ ನಡುವಿನವು ಎಂದು ಅಂದಾಜು. ಕಬ್ಬಿಣ ಬಳಕೆಯಲ್ಲಿದ್ದ ಕಾಲ. 1835ರಲ್ಲಿ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ ಈ ಜಾಗದ ಬಗ್ಗೆ ಹೊರಜಗತ್ತಿಗೆ ತಿಳಿಸಿದ. 1955ರಿಂದ ಇದು ಭಾರತೀಯ ಪುರಾತತ್ವ ಸರ್ವೇಕ್ಷಣೆಯ ರಕ್ಷಿತ ತಾಣ. 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿತು.

ಒಂದು ಕೋಣೆಯ ಎದುರು ಕೂತು ಬಹಳ ಹೊತ್ತು ನೋಡಿದೆ. ಕಿಂಡಿಯ ಅಂಚನ್ನು ಉಜ್ಜಿ ಉಜ್ಜಿ ದುಂಡು ಮಾಡಿದ್ದಾರೆ. ಬೆರಳು ಆಡಿಸಿದರೆ ಎಲ್ಲೂ ತಡೆಯುವುದಿಲ್ಲ. ಉಳಿದ ಮೈ ಹಾಗೇ ಒರಟು. ಪಕ್ಕದ ಚಪ್ಪಡಿ ಒಂದು ಗೇಣೂ ದಪ್ಪವಿಲ್ಲ. ಹೆಬ್ಬಂಡೆ ಬಿಸಿಲು ಮಳೆಗೆ ಪದರ ಪದರವಾಗಿ ಏಳುತ್ತದೆ, ಆ ಪದರವನ್ನೇ ಎಬ್ಬಿಸಿ ತಂದು ನಿಲ್ಲಿಸಿದ್ದಾರೆ. ಕಲ್ಲೆಬ್ಬಿಸಿದ ತಗ್ಗು ಈಗ ಹೊಂಡವಾಗಿ ನೀರು ಹಿಡಿದಿದೆ. ತಂಗಿ ಕೋಣೆಯ ಸುತ್ತ ಬಂದು, ಮೂಲೆಯಲ್ಲಿ ಚಪ್ಪಡಿಗಳು ಒಂದಕ್ಕೊಂದು ಹೇಗೆ ಒರಗಿವೆ ಎಂದು ವಿವರಿಸಿದಳು. ಗಾರೆ ಇಲ್ಲ, ಬುನಾದಿ ಇಲ್ಲ. ಒಂದರ ಭಾರ ಇನ್ನೊಂದನ್ನು ಹಿಡಿದಿದೆ. ಒಂದು ಚಪ್ಪಡಿಯ ಬುಡದ ಮಣ್ಣು ತೆಗೆದರೆ ಇಡೀ ಕೋಣೆ ಕುಸಿಯುತ್ತದೆ.

ಕುಸಿದವೂ ಬೇಕಾದಷ್ಟಿವೆ. ಎಲ್ಲವೂ ಕಾಲದ ಹೊಡೆತಕ್ಕೆ ಬಿದ್ದವಲ್ಲ. ಹುಡುಗ ನಮ್ಮನ್ನು ಒಂದು ಕಡೆ ಕರೆದೊಯ್ದು ತೋರಿಸಿದ: ಕೋಣೆಯೊಳಗೆ ಸೊಂಟದಾಳದ ಗುಂಡಿ. ಅಗೆದ ಮಣ್ಣು ಇನ್ನೂ ಹಸಿ, ಬದಿಯಲ್ಲಿ ನಿಂಬೆಹಣ್ಣು, ಕುಂಕುಮ. ‘ಅಮಾಸಿ ರಾತ್ರಿ ಬರ್ತಾರ್ರಿ. ಬ್ಯಾರೆ ಊರಾರು. ಬಂಗಾರ ಐತಂತ ಅಗೀತಾರ. ಇಲ್ಲಿ ಬೂದಿ, ಮಡಕಿ ಚೂರು ಬಿಟ್ರ ಏನೈತ್ರಿ?’ ಅವನ ಧ್ವನಿಯಲ್ಲಿ ಸಿಟ್ಟಿತ್ತು. ಆ ಮಡಕೆಯ ಚೂರು ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಬಿದ್ದಿದೆ ಎಂಬುದರಿಂದಲೇ ಅಲ್ಲವೆ ಆ ಜನ ಏನು ಉಂಡರು, ಹೇಗೆ ಸತ್ತರು, ಸತ್ತವರನ್ನು ಹೇಗೆ ಕಳಿಸಿಕೊಟ್ಟರು ಎಂದು ತಿಳಿಯುವುದು? ಒಮ್ಮೆ ಕಲಸಿಹೋದ ಮಣ್ಣನ್ನು ಯಾವ ಇಲಾಖೆ ಬಂದರೂ ಮತ್ತೆ ಪದರವಾಗಿ ಜೋಡಿಸಲಾರದು. ನನಗೆ ಅಳುವೇ ಬಂತು.

ತಂಗಿ ಗುಂಡಿಯ ಪಕ್ಕ ತನ್ನ ಟೇಪು ಹಿಡಿದು ಫೋಟೊ ತೆಗೆದಳು. ಮೊಬೈಲಿನಲ್ಲಿ ಲೊಕೇಶನ್ ಗುರುತು ಹಾಕಿಕೊಂಡಳು. ನಾವು ಯಾವುದನ್ನೂ ಮುಟ್ಟಲಿಲ್ಲ. ಇಂಥದ್ದು ಕಂಡಾಗ ಗುಂಡಿ ಮುಚ್ಚಬಾರದು, ಚೂರುಗಳನ್ನು ಎತ್ತಿಟ್ಟುಕೊಳ್ಳಲೂಬಾರದು.

ಆ ಹೊತ್ತಿಗೆ ಕುರಿಗಳು ಬಂದವು, ಹಿಂದೆಯೇ ಕಂಬಳಿ ಹೊದ್ದ ಅಜ್ಜ. ಮಳೆ ಬಂದರೆ ಎಳೆಯ ಮರಿಗಳನ್ನು ಯಾವುದಾದರೂ ಗಟ್ಟಿ ಕೋಣೆಯೊಳಗೆ ಬಿಡುತ್ತಾರಂತೆ. ಯಾವುದು ಗಟ್ಟಿ, ಯಾವುದು ಅಲುಗುತ್ತದೆ ಎಂಬುದೆಲ್ಲ ಅವರಿಗೆ ಗೊತ್ತು. ‘ಹೋದ ವರ್ಸ ಆ ಮೂಲಿದು ನೆಟ್ಟಗ ನಿಂತಿತ್ತವ್ವಾ, ಈ ವರ್ಸ ಬಗ್ಗೇತಿ’ ಎಂದು ಬೆರಳು ತೋರಿಸಿದರು. ಯಾವ ಕಡತದಲ್ಲೂ ಇರದ ಮಾಹಿತಿ ಅದು. ಇಷ್ಟು ದೊಡ್ಡ ಗುಡ್ಡಕ್ಕೆ ಹಗಲಿರುಳು ಕಾವಲಿಡಲು ಯಾವ ಇಲಾಖೆಗೂ ಆಳು ಸಾಲದು. ಆದರೆ ಈ ಅಜ್ಜ ದಿನವೂ ಇಲ್ಲೇ ಇರುತ್ತಾರೆ. ಅವರನ್ನು ಯಾರಾದರೂ ಯಾವತ್ತಾದರೂ ಕೇಳಿದ್ದಾರೆಯೇ ಎಂದು ವಿಚಾರಿಸಿದೆ. ‘ಕುರಿ ಮೇಯಿಸಬ್ಯಾಡ ಅಂತ ಹೇಳ್ಯಾರ’ ಎಂದರು.

ಇಳಿಯುವ ಮುನ್ನ ನಗಾರಿ ಗುಂಡು ನೋಡಿದೆವು. ಎತ್ತರದ ಬಂಡೆಯ ಮೇಲೆ ಅರ್ಧಗೋಲದ ದೊಡ್ಡ ಕಲ್ಲು. ಹೊಡೆದರೆ ನಗಾರಿಯಂತೆ ದನಿ ಕೊಡುತ್ತದೆ. ಹೊಡೆದು ನೋಡಬೇಕೆಂಬ ಆಸೆ ನನಗೂ ಇತ್ತು. ಬಂದವರೆಲ್ಲ ಹೊಡೆದರೆ ಕಲ್ಲಿನ ಗತಿಯೇನು ಎಂದು ಕೈ ಹಿಂದೆ ಕಟ್ಟಿಕೊಂಡೆ.

ರಾತ್ರಿ ಹುಡುಗನ ಮನೆಯಲ್ಲೇ ಊಟ. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು. ಅವನ ಅವ್ವ ದುಡ್ಡು ಮುಟ್ಟಲಿಲ್ಲ. ‘ನಮ್ಮ ಗುಡ್ಡ ನೋಡಾಕ ಬಂದೀರಿ’ ಎಂದಷ್ಟೇ ಅಂದರು.

ಮೂರನೇ ದಿನ: ಆನೆಗೊಂದಿ

ಶ್ರಾವಣ ಶನಿವಾರ. ಅಂಜನಾದ್ರಿಗೆ ಹೊರಟ ಟ್ರ್ಯಾಕ್ಸು, ಟೆಂಪೊಗಳಿಂದ ರಸ್ತೆ ಕಟ್ಟಿಹೋಗಿತ್ತು. ಆಟೊದವರು ಬಾಳೆತೋಟದ ಒಳದಾರಿಯಲ್ಲಿ ಸುತ್ತಿಸಿ ಆನೆಗೊಂದಿಗೆ ಬಿಟ್ಟರು. ಈ ಕಡೆ ಬರುವವರು ಶನಿವಾರ ತಪ್ಪಿಸಿಕೊಂಡರೆ ಅರ್ಧ ದಿನ ಉಳಿಯುತ್ತದೆ.

ಆನೆಗೊಂದಿಯಲ್ಲಿ ಜನ ಇನ್ನೂ ಕೋಟೆಯೊಳಗೇ ಬದುಕುತ್ತಿದ್ದಾರೆ. ಗಗನಮಹಲಿನ ಎದುರಿಗೆ ಎಮ್ಮೆ ಕಟ್ಟುತ್ತಾರೆ, ಹಳೆಯ ಮಂಟಪದ ನೆರಳಲ್ಲಿ ಹೆಂಗಸರು ಬಾಳೆನಾರಿನ ಹಗ್ಗ ಹೊಸೆದು ಬುಟ್ಟಿ ಹೆಣೆಯುತ್ತಾರೆ. ಕಿಷ್ಕಿಂಧಾ ಟ್ರಸ್ಟ್ 1990ರ ದಶಕದಿಂದ ಇಲ್ಲಿ ಈ ಕಸುಬು ಕಲಿಸುತ್ತ, ಹಳೆಯ ಮನೆಗಳನ್ನು ಉಳಿಸಿಕೊಳ್ಳಲು ಜನರನ್ನು ಹುರಿದುಂಬಿಸುತ್ತ ಬಂದಿದೆ. ನಾನೊಂದು ಬುಟ್ಟಿ ಕೊಂಡೆ. ಹೆಣೆದ ಅಕ್ಕ ಅದನ್ನು ನೀರಿನಲ್ಲಿ ನೆನೆಸಬಾರದೆಂದು ಮೂರು ಸಲ ಹೇಳಿದರು.

ಹೊಳೆಯ ನಡುಗಡ್ಡೆಯಲ್ಲಿ ಒಂಬತ್ತು ಯತಿಗಳ ಬೃಂದಾವನಗಳು, ಅಂದರೆ ಸಮಾಧಿಗಳು, ಇರುವ ನವಬೃಂದಾವನಕ್ಕೆ ಹೋಗುವ ಆಸೆಯಿತ್ತು, ಆಗಲಿಲ್ಲ. ಜಲಾಶಯದಿಂದ ನೀರು ಬಿಟ್ಟಿದ್ದರು. ತುಂಗಭದ್ರೆ ಕೆಂಪಾಗಿ, ದಡದ ಬಂಡೆಗಳನ್ನೆಲ್ಲ ನುಂಗಿ ಹರಿಯುತ್ತಿದ್ದಳು. ದೋಣಿ ಬಂದ್. ಮಳೆಗಾಲದಲ್ಲಿ ಬರುವವರು ಹೊರಡುವ ಮೊದಲೇ ನೀರಿನ ಸುದ್ದಿ ಕೇಳಿಕೊಂಡು ಬರುವುದು ಒಳ್ಳೆಯದು. ದಡದಲ್ಲಿ ಹರಿಗೋಲು ಮಗುಚಿ ಹಾಕಿ ಟಾರು ಬಳಿಯುತ್ತಿದ್ದ ಅಂಬಿಗರೊಬ್ಬರ ಪಕ್ಕ ಕೂತೆವು.

2019ರ ಜುಲೈನ ಆ ರಾತ್ರಿಯ ಮಾತು ತಾನಾಗಿಯೇ ಬಂತು. ಕೃಷ್ಣದೇವರಾಯನ ಗುರುಗಳಾಗಿದ್ದ ವ್ಯಾಸರಾಜರು 1539ರಲ್ಲಿ ಬೃಂದಾವನಸ್ಥರಾದವರು. ನಡುಗಡ್ಡೆಯ ಅವರ ಬೃಂದಾವನವನ್ನು ನಿಧಿಗಳ್ಳರು ಒಡೆದು ಅಗೆದಿದ್ದರು. ‘ಬೆಳಗಾಗೂದ್ರಾಗ ಸುದ್ದಿ ಹಬ್ಬಿತ್ರಿ. ಎಲ್ಲೆಲ್ಲಿಂದ ಮಂದಿ ಬಂದ್ರು! ನಮ್ಮ ದೋಣಿಗೆ ಪುರುಸೊತ್ತಿಲ್ಲ. ಕಲ್ಲು ಹೊತ್ರು, ಒಂದೊಂದಾಗಿ ಕೂಡಿಸಿದ್ರು, ಮತ್ತ ನಿಲ್ಲಿಸಿದ್ರು’ ಎಂದರು ಅಂಬಿಗರು. ಕಳ್ಳರನ್ನು ಪೊಲೀಸರು ಹಿಡಿದರು. ಆ ಸುದ್ದಿ ಓದಿ ನಾನೂ ಅಂದು ಉಂಡಿರಲಿಲ್ಲ. ಆದರೆ ನದಿ ನೋಡುತ್ತ ಕೂತಾಗ ನೆನಪಾದದ್ದು ಹಿಂದಿನ ದಿನ ಕಂಡ ಗುಂಡಿ. ಬೃಂದಾವನಕ್ಕೆ ಪೂಜೆಯಿದೆ, ಶಿಷ್ಯರಿದ್ದಾರೆ, ಒಡೆದರೆ ನಾಡೇ ಎದ್ದು ಬರುತ್ತದೆ. ಮೊರೇರ ಮನೆಗೆ ಯಾರ ಮನೆತನವೂ ಇಲ್ಲ, ಆರಾಧನೆಯ ದಿನವೂ ಇಲ್ಲ.

ನಾಲ್ಕನೇ ದಿನ: ಹಂಪಿ

ಬುಕ್ಕಸಾಗರದ ಸೇತುವೆ ದಾಟಿ ಹಂಪಿಯ ಕಡೆ ಬಂದೆವು. ಹೊಳೆ ದಾಟಿಸುವ ಸೇತುವೆಗೂ ಹಂಪಿಗೂ ಹಳೆಯ ಕಹಿ ಇದೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿಯನ್ನು ಯುನೆಸ್ಕೊ 1999ರಲ್ಲಿ ‘ಅಪಾಯದಲ್ಲಿರುವ’ ತಾಣಗಳ ಪಟ್ಟಿಗೆ ಹಾಕಿತು. ಮುಖ್ಯ ಕಾರಣ ಸ್ಮಾರಕಗಳ ನಡುವೆ, ಆನೆಗೊಂದಿ ಎದುರಿನ ತಳವಾರಘಟ್ಟದಲ್ಲಿ ಕಟ್ಟುತ್ತಿದ್ದ ಸೇತುವೆ. ಇಡೀ ಪ್ರದೇಶಕ್ಕೆ ಒಂದೇ ಪ್ರಾಧಿಕಾರ ಬೇಕೆಂದು 2002ರಲ್ಲಿ ಕಾಯ್ದೆ ಬಂತು. 2006ರಲ್ಲಿ ಆ ಪಟ್ಟಿಯಿಂದ ಹಂಪಿ ಹೊರಬಂತು. 2009ರಲ್ಲಿ ಆ ಸೇತುವೆ ಕಟ್ಟುವಾಗಲೇ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಆನೆಗೊಂದಿಯ ಗರ್ಭಿಣಿಗೆ ಆಸ್ಪತ್ರೆ ಹೊಳೆಯಾಚೆ ಇತ್ತು, ಪ್ರವಾಹ ಬಂದರೆ ದೋಣಿಯಿಲ್ಲ. ಸೇತುವೆ ಬೇಕೆಂದವರು ಪರಂಪರೆಯ ವೈರಿಗಳಾಗಿರಲಿಲ್ಲ. ಮೊದಲೇ ಕೂತು ಮಾತಾಡಿ ದೂರದಲ್ಲೊಂದು ಜಾಗ ಹುಡುಕಿದ್ದರೆ ಎಂದು ಈಗಲೂ ಅನ್ನಿಸುತ್ತದೆ.

ವಿಠ್ಠಲ ದೇವಸ್ಥಾನಕ್ಕೆ ಗೆಜ್ಜಲ ಮಂಟಪದ ಹತ್ತಿರದಿಂದ ಬ್ಯಾಟರಿ ಗಾಡಿ. ಹೊಗೆ, ಹಾರ್ನು ಗುಡಿಯ ಹತ್ತಿರ ಸುಳಿಯದಿರಲೆಂದು ಈ ಏರ್ಪಾಟು, ಒಳ್ಳೆಯ ಏರ್ಪಾಟು. ನಮ್ಮ ಗಾಡಿ ಓಡಿಸಿದ್ದು ಸುತ್ತಲ ಹಳ್ಳಿಯ ಹೆಣ್ಣುಮಗಳು. ಇಲ್ಲಿನ ಟಿಕೆಟು ಅದೇ ದಿನ ಕಮಲ ಮಹಲಿಗೂ ಕಮಲಾಪುರದ ವಸ್ತುಸಂಗ್ರಹಾಲಯಕ್ಕೂ ನಡೆಯುತ್ತದೆ, ಚೀಟಿ ಬಿಸಾಡಬಾರದು.

ಕಲ್ಲಿನ ರಥಕ್ಕೆ ಈಗ ಸುತ್ತ ಕಟಾಂಜನ. ಜನ ಚಕ್ರದ ಮೇಲೆ ಹತ್ತಿ ಫೋಟೊ ತೆಗೆಸಿಕೊಳ್ಳುತ್ತಿದ್ದ ಕಾಲ ಮುಗಿಯಿತು. ಸಪ್ತಸ್ವರದ ಕಂಬಗಳನ್ನೂ ಮುಟ್ಟಬಿಡುವುದಿಲ್ಲ. ಕೆಲವರು ಗೊಣಗುತ್ತಿದ್ದರು. ಗೊಣಗಬಾರದು. 1856ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಗ್ರೀನ್‌ಲಾ ತೆಗೆದ ಫೋಟೊದಲ್ಲಿ ಈ ರಥದ ತಲೆಯ ಮೇಲೆ ಇಟ್ಟಿಗೆಯ ಶಿಖರವೊಂದಿದೆ. ಐವತ್ತು ರೂಪಾಯಿ ನೋಟಿನಲ್ಲಿ ನಾವು ನೋಡುವುದು ಶಿಖರ ಕಳೆದುಕೊಂಡ ರಥವನ್ನು. ಇವತ್ತಿನ ಸ್ಥಿತಿಯೇ ಮೂಲವೆಂದು ನಾವು ಅಂದುಕೊಳ್ಳುವುದಕ್ಕೂ ಮೊದಲು ಎಷ್ಟೋ ಹೋಗಿರುತ್ತದೆ. ಉಗ್ರನರಸಿಂಹನ ಮುಂದೆ ನಿಂತಾಗಲೂ ಇದೇ ಯೋಚನೆ. 1528ರ ಆ ಒಂಟಿಕಲ್ಲಿನ ಮೂರ್ತಿಯ ಮಂಡಿಗಳಿಗೆ ಬಿಗಿದ ಯೋಗಪಟ್ಟ 1980ರ ದಶಕದ ದುರಸ್ತಿಯಲ್ಲಿ ಕೂಡಿಸಿದ್ದು. ಹಾಳಾದದ್ದನ್ನು ಎಲ್ಲಿಯವರೆಗೆ ಸರಿಪಡಿಸಬೇಕು, ಎಲ್ಲಿ ಕೈ ತಡೆಯಬೇಕು ಎಂಬ ವಾದ ಆಗ ಎದ್ದದ್ದು ಇನ್ನೂ ತಣ್ಣಗಾಗಿಲ್ಲ.

ಮಧ್ಯಾಹ್ನ ಜೋರು ಮಳೆ. ವಿರೂಪಾಕ್ಷ ಬಜಾರಿನ ಸಾಲುಮಂಟಪದ ಹತ್ತಿರ ಕೊಡೆ ಹಿಡಿದು ನಿಂತೆವು. 2024ರ ಮೇ ತಿಂಗಳ ಮಳೆಗೆ ಇಲ್ಲಿನ ಒಂದು ಭಾಗ ಕುಸಿದಿತ್ತು. ತಂಗಿ ಕಂಬಗಳ ಬುಡ ತೋರಿಸಿದಳು: ನೀರು ಹರಿದು ಹೋಗುವ ದಾರಿ ಮುಚ್ಚಿದರೆ ಅದು ಬುನಾದಿಯ ಮಣ್ಣಿಗೆ ಇಳಿಯುತ್ತದೆ, ಮಣ್ಣು ಕೂರುತ್ತದೆ, ಗಾರೆಯಿಲ್ಲದೆ ಬರೀ ಭಾರದಿಂದ ನಿಂತ ಕಂಬ ವಾಲುತ್ತದೆ. ‘ಒಂದು ಚರಂಡಿ ತೆರವು ಮಾಡೋದು, ಗೋಡೆ ಸಂದಿಯ ಅರಳಿ ಸಸಿಯನ್ನ ಚಿಕ್ಕದಿದ್ದಾಗಲೇ ಕೀಳೋದು. ಅಷ್ಟು ಮಾಡಿದ್ರೆ ಬಿಚ್ಚಿ ಕಟ್ಟೋ ಖರ್ಚೇ ಬರಲ್ಲ’ ಎಂದಳು.

ಈ ಮಂಟಪಗಳಲ್ಲಿ 2011ರವರೆಗೆ ಸಂಸಾರಗಳಿದ್ದವು. ಅಂಗಡಿ, ಖಾನಾವಳಿ, ಪುಸ್ತಕದ ಮಳಿಗೆ. ಕಂಬಗಳ ನಡುವೆ ಗೋಡೆ ಎಬ್ಬಿಸಿದ್ದರು, ಸುಣ್ಣ ಬಳಿದಿದ್ದರು. ಸ್ಮಾರಕಕ್ಕೆ ಅದರಿಂದ ಪೆಟ್ಟು ಬಿದ್ದದ್ದು ನಿಜ. ಆ ವರ್ಷದ ಜುಲೈನಲ್ಲಿ ತೆರವು ನಡೆಯಿತು. ಹಲವರಿಗೆ ಕಡ್ಡಿರಾಂಪುರದಲ್ಲಿ ಜಾಗ ಕೊಟ್ಟರು. ಚಹಾದ ಗಾಡಿಯ ಅಕ್ಕ ಅವರಲ್ಲಿ ಒಬ್ಬರು. ‘ರಥ ಎಳಿಯೂ ದಿನ ನಾವು ಮನಿ ಮುಂದ ನಿಂತು ಆರತಿ ಕೊಡ್ತಿದ್ವಿ ಮೇಡಂ. ಮಂಟಪ ಸೋರಿದ್ರ ನಾವ ಹತ್ತಿ ಕಸ ತೆಗೀತಿದ್ವಿ. ಈಗ ಸೋರಿದ್ರ ಯಾರ್ ನೋಡ್ತಾರ?’

ಗೋಡೆ ತೆಗೆದದ್ದು ಸರಿಯೇ ಎಂಬುದು ನನ್ನ ಅಭಿಪ್ರಾಯ. ತೆಗೆದ ರೀತಿ ಸರಿಯಿರಲಿಲ್ಲ. ವಿಜಯನಗರದ ತುರ್ತಾ ಕಾಲುವೆಯಲ್ಲಿ ಇಂದಿಗೂ ನೀರು ಹರಿದು ಬಾಳೆ, ಭತ್ತ ಬೆಳೆಯುತ್ತಿರುವುದು ರೈತರು ಅದನ್ನು ಬಳಸುತ್ತ, ಹೂಳೆತ್ತುತ್ತ ಬಂದದ್ದರಿಂದ. 2019ರಲ್ಲಿ ವಿಷ್ಣು ದೇವಾಲಯದ ಕಂಬ ಉರುಳಿಸಿದ ಯುವಕರಿಗೆ ಕೋರ್ಟು ತಲಾ 70,000 ರೂಪಾಯಿ ದಂಡ ಹಾಕಿ, ಅವರ ಕೈಯಿಂದಲೇ ಕಂಬ ನಿಲ್ಲಿಸಿತು. ದಂಡ ಬೇಕು, ಕಟಾಂಜನವೂ ಬೇಕು. ಅದರ ಜೊತೆಗೆ ಆ ಅಕ್ಕನೂ, ಕುರಿ ಕಾಯುವ ಅಜ್ಜನೂ ಬೇಕು. ಸಂಬಳಕ್ಕೆ, ಗುರುತಿನ ಚೀಟಿಗೆ, ಊರಿನ ಸಭೆಯಲ್ಲಿ ಒಂದು ಕುರ್ಚಿಗೆ ಅವರು ಅರ್ಹರು.

ಹೊರಡುವ ಮುನ್ನ

ಹೊಸಪೇಟೆಯಲ್ಲಿ ಬಸ್ಸಿಗೆ ಇನ್ನೂ ಸಮಯವಿತ್ತು. ಕಂಪ್ಯೂಟರ್ ಅಂಗಡಿಯಲ್ಲಿ ಕೂತು ತಂಗಿ ತೆಗೆದ ಫೋಟೊ, ಅಳತೆ, ಲೊಕೇಶನ್ ಎಲ್ಲ ಸೇರಿಸಿ ಒಂದು ಪುಟದ ದೂರು ಬರೆದು, ಪ್ರಿಂಟ್ ತೆಗೆಸಿದೆವು. ರಕ್ಷಿತ ತಾಣಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ ಎಂದು 1958ರ ಕಾಯ್ದೆಯ ತಿದ್ದುಪಡಿ ಹೇಳುತ್ತದೆ. ದೂರಿನಲ್ಲಿ ಆ ಕಾಯ್ದೆಯ ಹೆಸರು ಕಾಣಿಸಿದರೆ ಕಾಗದಕ್ಕೆ ತೂಕ ಬರುತ್ತದೆ. ಒಂದು ಪ್ರತಿ ಪೊಲೀಸರಿಗೆ, ಒಂದು ಪುರಾತತ್ವದವರಿಗೆ, ರಿಜಿಸ್ಟರ್ಡ್ ಅಂಚೆಯಲ್ಲಿ. ಗುಂಡಿ ತೋರಿಸುವವರ ಹೆಸರೆಂದು ಹುಡುಗನನ್ನು ಕೇಳಿಯೇ ಅವನ ಫೋನ್ ನಂಬರು ಹಾಕಿದೆವು.

ಊರಿಗೆ ಬಂದ ಮೇಲೆ ಒಂದು ಸಂಜೆ ಹುಡುಗನ ಫೋನು. ಇಬ್ಬರು ಸಿಬ್ಬಂದಿ ಬಂದಿದ್ದರಂತೆ. ಗುಂಡಿಯ ಅಳತೆ, ಫೋಟೊ ತೆಗೆದುಕೊಂಡರಂತೆ. ಇಂಥವು ಇನ್ನೂ ಇವೆಯೇ ಎಂದು ಕೇಳಿದರಂತೆ. ‘ಕುರಿ ಅಜ್ಜನ್ನ ಕರಕೊಂಡು ಹೋಗಿದ್ದೆ ಮೇಡಂ. ಅಂವ ಎಲ್ಲಾ ತೋರಿಸಿದ. ಬಗ್ಗಿದ ಚಪ್ಪಡಿ ಬಗ್ಗೆನೂ ಬರಕೊಂಡ್ರು. ಮುಂದಿನ ಅಮಾಸಿಗೆ ಪೊಲೀಸರು ಬರ್ತಾರಂತ. ನೀವು ದಸರಾ ರಜಾಕ್ಕ ಮಕ್ಕಳನ್ನ ಕರಕೊಂಡು ಬರ್ತೀನಿ ಅಂದಿದ್ರೆಲ್ಲಾ, ಎಷ್ಟು ಮಂದಿ ಅಂತ ಮೊದ್ಲ ಹೇಳ್ರಿ, ಅವ್ವ ರೊಟ್ಟಿ ಮಾಡ್ಬೇಕು.’

ನಲವತ್ತು ಜನ ಎಂದಿದ್ದೇನೆ. ಎಲ್ಲರಿಗೂ ಗಟ್ಟಿ ಅಟ್ಟೆಯ ಶೂ ಇರಬೇಕೆಂದು ಪೋಷಕರಿಗೆ ಚೀಟಿ ಕಳಿಸಬೇಕು.